ಅಪ್ಪ, ಅಮ್ಮ ಜೈಲಿನಲ್ಲಿರುವ ಮಕ್ಕಳಿಗೆ ಜೊತೆಯಾಗಲು ಹೊರಟವರಿಗೆ

ವಾರಕ್ಕೊಮ್ಮೆ ಇಂಥ ಮಗುವಿಗೆ ಪಾಠ ಹೇಳಿಕೊಡಲು ಒಪ್ಪಿಕೊಂಡಿರುವವರಲ್ಲಿ ಒಂದು ವಿನಂತಿ: ‘ಅಪ್ಪ ಏನು ಮಾಡಿದ್ದರು?’ ಎಂದು ಕೇಳಬೇಡಿ. ಮಗು ತಾನಾಗಿ ಹೇಳಿದರೆ ಕೇಳಿಸಿಕೊಳ್ಳಿ, ತೀರ್ಪು ಕೊಡಬೇಡಿ.

ನಾನು ಪಾಠ ಹೇಳುವ ಹುಡುಗ ಅಜ್ಜಿಯ ಮನೆಯಲ್ಲಿದ್ದಾನೆ. ಮೊದಲ ಒಂದೂವರೆ ತಿಂಗಳು ಮಗ್ಗಿ ಪುಸ್ತಕದಿಂದ ತಲೆಯನ್ನೇ ಎತ್ತಿರಲಿಲ್ಲ. ಒಂದು ದಿನ ಮಳೆಗೆ ಸಿಕ್ಕಿ ಅರ್ಧ ಗಂಟೆ ತಡವಾಗಿ ಹೋದರೆ, ಆಗಷ್ಟೇ ಹೆರೆದ ಪೆನ್ಸಿಲ್ ಹಿಡಿದು ಹೊಸ್ತಿಲಲ್ಲೇ ನಿಂತಿದ್ದ. ‘ನೀವೂ ಬರುವುದಿಲ್ಲ ಅಂದುಕೊಂಡೆ’ ಎಂದ. ಆ ‘ನೀವೂ’ ಇನ್ನೂ ನನ್ನ ಕಿವಿಯಲ್ಲಿದೆ. ಬರಲಾಗದಿದ್ದರೆ ಮುಂಚೆಯೇ ಫೋನ್ ಮಾಡಿ, ಅಜ್ಜಿಗಲ್ಲ, ಮಗುವಿಗೇ ಹೇಳಿ. ಒಂದು ಶೈಕ್ಷಣಿಕ ವರ್ಷವಾದರೂ ತಪ್ಪದೆ ಹೋಗಲಾರೆ ಎನಿಸಿದರೆ ದಯವಿಟ್ಟು ಶುರು ಮಾಡಲೇಬೇಡಿ.

2006ರ ಸುಪ್ರೀಂ ಕೋರ್ಟ್ ತೀರ್ಪಿನಂತೆ ಮಗು ಆರು ವರ್ಷ ತುಂಬುವವರೆಗೆ ಮಾತ್ರ ತಾಯಿಯೊಂದಿಗೆ ಜೈಲಿನಲ್ಲಿರಬಹುದು. ಹಾಗೆ ಹೊರಬಂದ ಮಗುವಿಗೆ ಬಸ್ಸು, ಅಂಗಡಿ, ರಾತ್ರಿಯ ರಸ್ತೆ ಎಲ್ಲವೂ ಹೊಸದಾಗಿರಬಹುದು. ಪಾಠಕ್ಕೆ ಅವಸರ ಬೇಡ.

ಜೈಲಿನ ಭೇಟಿಯ ಮರುದಿನ ಮಕ್ಕಳು ಸಿಡುಕುತ್ತಾರೆ, ಇಲ್ಲವೇ ಮಂಕಾಗುತ್ತಾರೆ. ಅಂದು ಲೆಕ್ಕ ಬದಿಗಿಟ್ಟು ಚೌಕಾಬಾರ ಆಡಿ. ಮಗುವಿನ ಹೆಸರು, ಶಾಲೆ, ಫೋಟೊ ಎಲ್ಲಿಯೂ ಹಂಚಬೇಡಿ, ಪಾಠ ಹೇಳುವವರ ಈ ಗುಂಪಿನಲ್ಲೂ ಬೇಡ.

ಒಬ್ಬರೇ ಮನೆ ಹುಡುಕಿಕೊಂಡು ಹೋಗದೆ, ಮಕ್ಕಳ ನಡುವೆ ಕೆಲಸ ಮಾಡುವ ನೋಂದಾಯಿತ ಸಂಸ್ಥೆಯ ಮೂಲಕವೇ ಹೋಗಿ. ಸರ್ಕಾರಿ ನೆರವಿನ ವಿಚಾರಕ್ಕೆ ಜಿಲ್ಲಾ ಮಕ್ಕಳ ರಕ್ಷಣಾ ಘಟಕವನ್ನು ಕೇಳಿ. ಮಗು ಅಪಾಯದಲ್ಲಿದೆ ಎನಿಸಿದರೆ ತಡಮಾಡದೆ ಮಕ್ಕಳ ಸಹಾಯವಾಣಿ 1098ಕ್ಕೆ ಕರೆ ಮಾಡಿ.