ಮೈಸೂರಲ್ಲಿ ಕೂತು ದೂರದೂರಿನ ಟೀಮ್ ನಡೆಸುವುದು ಹೇಗೆ?

ನಮ್ಮದು ಆರು ಜನರ ಟೀಮ್. ನಾನು ಕುವೆಂಪುನಗರದ ಮನೆ ಮಹಡಿಯಲ್ಲಿ, ಇಬ್ಬರು ಮಂಡ್ಯದ ಕಡೆ, ಒಬ್ಬಳು ಹುಬ್ಬಳ್ಳಿಯಲ್ಲಿ, ಇನ್ನಿಬ್ಬರು ಜರ್ಮನಿಯಲ್ಲಿ. ಇಂಥ ಟೀಮ್ ಕಟ್ಟಲು ಹೊರಟವರಿಗೆ ನಾನು ಮೊದಲು ಹೇಳುವುದು ಒಂದೇ: ‘ಆಗುತ್ತೆ ಸರ್’ ಅನ್ನುವ ಮಾತನ್ನು ನಂಬಿ ಕೂರಬೇಡಿ.

ಯಾರೋ ಸುಳ್ಳು ಹೇಳುತ್ತಾರೆ ಅಂತಲ್ಲ. ನಮ್ಮ ಕಡೆ ‘ಆಗುತ್ತೆ’ ಅಂದರೆ ಕೇಳಿಸಿತು ಅಂತಲೂ ಇರಬಹುದು, ನೋಡೋಣ ಅಂತಲೂ ಇರಬಹುದು, ಆಗಲ್ಲ ಅನ್ನೋಕೆ ಸಂಕೋಚವೂ ಇರಬಹುದು. ಪಕ್ಕದಲ್ಲೇ ಕೂತಿದ್ದರೆ ಮುಖ ನೋಡಿದ ಕೂಡಲೇ ತಿಳಿಯುತ್ತದೆ. ಒಂದು ಸಲ ಮಂಡ್ಯದ ಹುಡುಗ ಸೋಮವಾರ ‘ಆಗುತ್ತೆ’ ಅಂದ, ನಾನು ಜರ್ಮನಿಯವರಿಗೆ ಗುರುವಾರ ಅಂತ ಮಾತು ಕೊಟ್ಟುಬಿಟ್ಟೆ, ಗುರುವಾರ ಮಧ್ಯಾಹ್ನ ವಿಚಾರಿಸಿದರೆ ಅವನಿಗೆ ಸರ್ವರ್ ಪಾಸ್‌ವರ್ಡೇ ಬಂದಿರಲಿಲ್ಲ, ಕೇಳೋಕೆ ಹಿಂಜರಿದು ಮೂರು ದಿನ ಸುಮ್ನೆ ಕೂತಿದ್ದ. ತಪ್ಪು ನನ್ನದೇ. ‘ಆಗುತ್ತಾ?’ ಅಂತ ಕೇಳಿದರೆ ‘ಆಗುತ್ತೆ’ ಅಂತಲೇ ತಾನೇ ಹೇಳುತ್ತಾರೆ, ಅಲ್ವಾ?

ಈಗ ‘ಮೊದಲು ಏನು ಮಾಡ್ತೀಯ? ಎಲ್ಲಿ ತಡ ಆಗಬಹುದು?’ ಅಂತ ಕೇಳುತ್ತೇನೆ. ಉತ್ತರವನ್ನು ಅವರೇ ಗ್ರೂಪಿನಲ್ಲಿ ಬರೆಯಬೇಕು. ಹೀಗೆ: ‘ಬಿಲ್ ಪೇಜ್ ಬುಧವಾರ ಸಂಜೆ 5ಕ್ಕೆ ಕೊಡ್ತೀನಿ. ಪಾಸ್‌ವರ್ಡ್ ಇವತ್ತೇ ಬೇಕು. ಸಿಗದಿದ್ದರೆ ನಾಳೆ ಬೆಳಿಗ್ಗೆ ಫೋನ್ ಮಾಡ್ತೀನಿ.’ ಇಷ್ಟು ಸಾಕು. ಆದರೆ ತೊಂದರೆ ಹೇಳಿಕೊಂಡವನನ್ನು ಎಲ್ಲರೆದುರು ಬೈದಿರೋ, ಮುಗಿಯಿತು. ಮರುದಿನದಿಂದ ಎಲ್ಲರ ಬಾಯಲ್ಲೂ ‘ಆಗುತ್ತೆ’ಯೇ.

ಮೀಟಿಂಗ್ ಸಮಯ ಒಮ್ಮೆ ಸರಿಯಾಗಿ ಕೂರಿಸಿಬಿಡಿ. ಜರ್ಮನಿ ಚಳಿಗಾಲದಲ್ಲಿ ನಮಗಿಂತ ನಾಲ್ಕೂವರೆ ಗಂಟೆ ಹಿಂದೆ. ಮಾರ್ಚ್ ಕೊನೆಯ ಭಾನುವಾರ ಅವರು ಗಡಿಯಾರ ಮುಂದಕ್ಕೆ ತಿರುಗಿಸಿದರೆ ಮೂರೂವರೆ, ಅಕ್ಟೋಬರ್ ಕೊನೆಯ ಭಾನುವಾರ ಮತ್ತೆ ಹಳೆಯ ಲೆಕ್ಕ. ನಾವು ಮಧ್ಯಾಹ್ನ 2:30 ಅಂತ ಇಟ್ಟಿದ್ದೇವೆ. ಅವರಿಗೆ ಬೆಳಿಗ್ಗೆ 10 ಅಥವಾ 11. ನಮ್ಮ ಊಟವೂ ಆಗಿರುತ್ತದೆ, ಅವರ ನಿದ್ದೆಯೂ ಆಗಿರುತ್ತದೆ. ಅಮೆರಿಕದವರು ಇದ್ದರೆ ಯಾರಾದರೂ ನಿದ್ದೆ ಕೆಡಲೇಬೇಕು, ಹಾಗಾಗಿ ಒಂದು ತಿಂಗಳು ನಾವು, ಒಂದು ತಿಂಗಳು ಅವರು.

ರಜೆಗಳನ್ನು ಮೊದಲೇ ಕ್ಯಾಲೆಂಡರಿಗೆ ಹಾಕಿ. ಜರ್ಮನಿಯವರ ಏಕತಾ ದಿನದ ರಜೆ ಅಕ್ಟೋಬರ್ 3, ಪ್ರತಿ ವರ್ಷ ಅದೇ ತಾರೀಖು. ನಮ್ಮ ವಿಜಯದಶಮಿ ವರ್ಷವರ್ಷ ಯಾಕೆ ಜಾಗ ಬದಲಿಸುತ್ತದೆ ಅಂತ ಹೇಳಿಕೊಡುವಷ್ಟರಲ್ಲಿ ನನಗೆ ಸಾಕಾಯಿತು. ಕರೆಂಟ್ ಹೋಗುವ ಊರಲ್ಲಿದ್ದವರ ರೌಟರಿಗೆ ಒಂದು ಚಿಕ್ಕ ಯುಪಿಎಸ್ ಕೊಡಿಸಿ, ದುಡ್ಡು ಕಂಪನಿಯದೇ ಇರಲಿ.

ವಾರಕ್ಕೊಮ್ಮೆ ಒಬ್ಬೊಬ್ಬರ ಜೊತೆ ಕಾಲು ಗಂಟೆ ಕೆಲಸ ಬಿಟ್ಟು ಬೇರೆ ಮಾತಾಡಿ. ಮಂಡ್ಯದ ಆ ಹುಡುಗ ಬೆಳಿಗ್ಗೆ ಯಾಕೆ ಮಂಕಾಗಿರುತ್ತಾನೆ ಅಂತ ನನಗೆ ಗೊತ್ತಾಗಿದ್ದು ಹಾಗೆಯೇ. ಪಂಪ್ ಓಡಿಸೋಕೆ ಬೇಕಾದ ತ್ರೀ ಫೇಸ್ ಕರೆಂಟ್ ರಾತ್ರಿ ಬಂದ ದಿನ ಕಬ್ಬಿಗೆ ನೀರು ಹಾಯಿಸೋಕೆ ಅಪ್ಪನ ಜೊತೆ ಗದ್ದೆಗೆ ಹೋಗುತ್ತಾನಂತೆ. ಅಂಥ ದಿನ ಅವನ ಕೆಲಸ ಶುರುವಾಗುವುದು 11ಕ್ಕೆ. ಗ್ರೂಪಿನಲ್ಲಿ ‘ನೀರು’ ಅಂತ ಒಂದೇ ಪದ ಹಾಕುತ್ತಾನೆ. ಜರ್ಮನಿಯವರಿಗೂ ಈಗ ಅದರ ಅರ್ಥ ಗೊತ್ತು.