ಅಮೆರಿಕದಲ್ಲಿ ಗಾಳಿಗೆ ಛಾವಣಿ ಕೆಟ್ಟರೆ ಪಂಚನಾಮೆ ನೀವೇ ಮಾಡಬೇಕು

ವಿಜಯಪುರ, ಬಾಗಲಕೋಟೆ ಕಡೆ ಮೇ ತಿಂಗಳ ಸಂಜೆ ಬಿರುಗಾಳಿ ಎದ್ದು ಯಾರದೋ ಮನೆಯ ಪತ್ರಾಸು ಹಾರಿಹೋಯಿತು ಎಂದರೆ ಮುಂದೇನು ಎಂಬುದು ಊರಿಗೆಲ್ಲ ಗೊತ್ತು. ತಲಾಠಿ ಬರುತ್ತಾರೆ. ಹುದ್ದೆಯ ಹೆಸರು ಈಗ ಗ್ರಾಮ ಆಡಳಿತ ಅಧಿಕಾರಿ ಎಂದಾಗಿದ್ದರೂ ಜನರ ಬಾಯಲ್ಲಿ ಅವರು ತಲಾಠಿಯೇ. ಪಂಚರನ್ನು ಕರೆದು, ಹಾನಿ ನೋಡಿ, ಪಂಚನಾಮೆ ಬರೆದು ಸಹಿ ಹಾಕಿಸುತ್ತಾರೆ. ವರದಿ ತಹಶೀಲ್ದಾರ್ ಕಚೇರಿಗೆ ಹೋಗುತ್ತದೆ. ಪರಿಹಾರ ತಡವಾಗಬಹುದು, ಸಾಲದೇ ಹೋಗಬಹುದು. ಆದರೂ ಹಾನಿಯನ್ನು ಕಣ್ಣಾರೆ ನೋಡಿ ದಾಖಲಿಸುವ ಹೊಣೆ ಸರ್ಕಾರದ್ದು.

ನಮ್ಮ ಜಿಲ್ಲೆಗಳಿಂದ ಹೋಗಿ ಅಮೆರಿಕದಲ್ಲಿ ಮನೆ ಕೊಂಡ ಮಕ್ಕಳಲ್ಲಿ ಅನೇಕರು ಈ ನಿರೀಕ್ಷೆಯನ್ನೇ ಇಟ್ಟುಕೊಂಡಿರುತ್ತಾರೆ. ಅಲ್ಲಿ ತಲಾಠಿ ಇಲ್ಲ. ಛಾವಣಿ ಕೆಟ್ಟರೆ ಅದು ನಿಮಗೂ ನಿಮ್ಮ ವಿಮಾ ಕಂಪನಿಗೂ ಸೇರಿದ ವಿಷಯ. ಹಾನಿ ಆಗಿದೆ, ಗಾಳಿಯಿಂದಲೇ ಆಗಿದೆ, ಇಂಥ ದಿನವೇ ಆಗಿದೆ ಎಂದು ತೋರಿಸಬೇಕಾದವರು ನೀವು. ನಾನು ಹ್ಯೂಸ್ಟನ್‌ನಲ್ಲಿ ಹಲವು ವರ್ಷ ಕಟ್ಟಡ ಕೆಲಸದ ಎಂಜಿನಿಯರ್ ಆಗಿದ್ದು ಈಗ ವಿಜಯಪುರದಲ್ಲಿ ನೆಲೆಸಿದ್ದೇನೆ. ಅಲ್ಲಿ ಬಿರುಗಾಳಿ ಬೀಸಿದ ಮರುದಿನ ನನಗೆ ಬರುವ ಕರೆಗಳಲ್ಲಿ ಕೇಳುವ ಪ್ರಶ್ನೆಗಳು ಹೆಚ್ಚುಕಡಿಮೆ ಒಂದೇ. ಅದಕ್ಕಾಗಿ ಈ ಬರಹ. ನನಗೆ ಚೆನ್ನಾಗಿ ಗೊತ್ತಿರುವುದು ಟೆಕ್ಸಾಸ್. ಉಳಿದ ರಾಜ್ಯಗಳಲ್ಲಿ ಕಾನೂನು ಬೇರೆಯಾಗುತ್ತದೆ, ಪದ್ಧತಿಯ ಮೂಲ ಸ್ವರೂಪ ಅದೇ.

ಮೊದಲು ಛಾವಣಿಯನ್ನು ಅರ್ಥ ಮಾಡಿಕೊಳ್ಳಿ. ನಮ್ಮ ಮಣ್ಣಿನ ಮಾಳಿಗೆ ಸೋರುತ್ತದೆ, ಹಾರುವುದಿಲ್ಲ. ಆರ್‌ಸಿಸಿ ಸ್ಲ್ಯಾಬ್ ಅಲುಗುವುದೇ ಇಲ್ಲ. ಪತ್ರಾಸು ಹಾರಿದರೆ ಓಣಿಗೆಲ್ಲ ಕೇಳಿಸುತ್ತದೆ. ಅಮೆರಿಕದ ಸಾಮಾನ್ಯ ಮನೆಯ ಛಾವಣಿ ಇವುಗಳ ಜಾತಿಯದಲ್ಲ. ಕಟ್ಟಿಗೆಯ ಜಂತಿಗಳ ಮೇಲೆ ತೆಳು ಹಲಗೆ, ಅದರ ಮೇಲೆ ನೀರು ತಡೆಯುವ ಹಾಳೆ, ಎಲ್ಲಕ್ಕೂ ಮೇಲೆ ಶಿಂಗಲ್ ಎಂಬ ಹೊದಿಕೆ. ಗಾಜಿನ ನಾರಿನ ಹಾಳೆಗೆ ಡಾಂಬರು ಲೇಪಿಸಿ, ಮೇಲೆ ಸಣ್ಣ ಕಲ್ಲಿನ ಹರಳು ಒತ್ತಿ ಶಿಂಗಲ್ ಮಾಡುತ್ತಾರೆ. ಒಂದೊಂದು ತುಂಡಿಗೆ ಸಾಮಾನ್ಯವಾಗಿ 4 ಮೊಳೆ, ಗಾಳಿ ಜೋರಿರುವ ಪ್ರದೇಶದಲ್ಲಿ 6. ಮೊಳೆಯಷ್ಟೇ ಮುಖ್ಯವಾದದ್ದು ಅಂಟಿನ ಪಟ್ಟಿ. ಬಿಸಿಲಿನ ಕಾವಿಗೆ ಅದು ಮೆತ್ತಗಾಗಿ ಮೇಲಿನ ಶಿಂಗಲ್‌ನ ಅಂಚನ್ನು ಕೆಳಗಿನದಕ್ಕೆ ಹಿಡಿದಿಡುತ್ತದೆ.

ಗಾಳಿ ಛಾವಣಿಯನ್ನು ಒತ್ತುವುದಕ್ಕಿಂತ ಹೆಚ್ಚಾಗಿ ಮೇಲಕ್ಕೆ ಎಳೆಯುತ್ತದೆ. ಈ ಎಳೆತ ಮೂಲೆಗಳಲ್ಲಿ, ಸೂರಿನ ಅಂಚಿನಲ್ಲಿ, ಎರಡು ಇಳಿಜಾರು ಕೂಡುವ ನೆತ್ತಿಯಲ್ಲಿ ಅತಿ ಹೆಚ್ಚು. ಅಂಟು ಬಿಟ್ಟ ಶಿಂಗಲ್‌ನ ಅಂಚು ಏಳುತ್ತದೆ, ಹಿಂದಕ್ಕೆ ಮಡಚಿಕೊಳ್ಳುತ್ತದೆ, ಗಾಳಿ ನಿಂತ ಮೇಲೆ ತಾನಾಗಿ ಮತ್ತೆ ಮಲಗುತ್ತದೆ. ಅಂಗಳದಲ್ಲಿ ನಿಂತು ನೋಡಿದರೆ ಏನೂ ಆಗಿಲ್ಲ! ಆದರೆ ಮಡಚಿದ ಜಾಗದಲ್ಲಿ ಹರಳು ಉದುರಿ ಅಡ್ಡಲಾಗಿ ಒಂದು ಕಪ್ಪು ಗೆರೆ ಮೂಡಿರುತ್ತದೆ, ಒಳಗಿನ ನಾರು ಮುರಿದಿರುತ್ತದೆ. ಮುಂದಿನ ಗಾಳಿಗೆ ಅದು ಕಿತ್ತುಕೊಂಡು ಹೋಗುತ್ತದೆ. ತಿಂಗಳುಗಟ್ಟಲೆ ಕಳೆದ ಮೇಲೆ ಕೋಣೆಯ ಛತ್ತಿನಲ್ಲಿ ಕಂದು ಬಣ್ಣದ ಉಂಗುರ ಕಾಣಿಸಿಕೊಂಡಾಗ ಕಂಪನಿಯವರು ಕೇಳುವ ಮೊದಲ ಪ್ರಶ್ನೆ, “ಇದು ಯಾವ ದಿನದ ಹಾನಿ?”

2024ರ ಮೇ 16ರಂದು ಹ್ಯೂಸ್ಟನ್ ಮೇಲೆ ಭಾರಿ ಬಿರುಗಾಳಿ ಬೀಸಿತು. ಜುಲೈ 8ರಂದು ಬೆರಿಲ್ ಚಂಡಮಾರುತ ಬಂತು. ಬೆರಿಲ್ ಹಾದುಹೋದ ಮರುದಿನ ಅಲ್ಲಿಂದ ನನ್ನ ಅಕ್ಕನ ಮಗ ವಿಡಿಯೊ ಕರೆ ಮಾಡಿದ. “ಮಾಮಾ, ನಮ್ಮದೇನೂ ಆಗಿಲ್ಲ, ಪಕ್ಕದವರ ಬೇಲಿ ಮಾತ್ರ ಬಿದ್ದಿದೆ” ಎಂದ. ಮನೆಯ ಸುತ್ತ ಒಂದು ಸುತ್ತು ಹಾಕಲು ಹೇಳಿದೆ. ಹಿತ್ತಲಿನ ಗಿಡಗಳ ನಡುವೆ ಒಂದು ಶಿಂಗಲ್ ತುಂಡು ಸಿಕ್ಕಿತು. ಮಗುಚಿ ತೋರಿಸು ಎಂದೆ. ಅಂಟಿನ ಪಟ್ಟಿ ಕಪ್ಪಗೆ ಹೊಳೆಯುತ್ತಿತ್ತು, ಕೆಳಗಿನ ಶಿಂಗಲ್‌ನಿಂದ ಕಿತ್ತು ಬಂದ ಹರಳು ಅದಕ್ಕೆ ಮೆತ್ತಿಕೊಂಡಿದ್ದವು, ಮೊಳೆಯ ತೂತುಗಳು ಹರಿದು ಉದ್ದವಾಗಿದ್ದವು. ಇದು ಹೊಸದಾಗಿ ಕಿತ್ತದ್ದರ ಗುರುತು. ಪಟ್ಟಿಯ ಮೇಲೆ ಧೂಳು, ಮಣ್ಣು ಕೂತಿದ್ದರೆ ಅಂಟು ಎಂದೋ ಬಿಟ್ಟಿತ್ತು ಎಂದು ವಾದಿಸಲು ಕಂಪನಿಗೆ ಅವಕಾಶವಾಗುತ್ತದೆ. ಆ ತುಂಡನ್ನು ಚೀಲಕ್ಕೆ ಹಾಕಿ, ದಿನಾಂಕ ಬರೆದು ಗ್ಯಾರೇಜಿನಲ್ಲಿ ಇಡಿಸಿದೆ. ಹಾನಿ ಅಳೆಯಲು ವಿಮಾ ಕಂಪನಿ ಕಳಿಸುವ ಅಡ್ಜಸ್ಟರ್ ಬಂದಾಗ ಮೊದಲು ತೋರಿಸಿದ್ದು ಅದನ್ನೇ. ಅಂಗಳ ಗುಡಿಸುವ ಅವಸರದಲ್ಲಿ ಇಂಥ ತುಂಡುಗಳನ್ನು ಕಸದ ಡಬ್ಬಿಗೆ ಹಾಕುವವರೇ ಹೆಚ್ಚು. ದಯವಿಟ್ಟು ಹಾಕಬೇಡಿ.

ಛಾವಣಿ ಹತ್ತಬೇಡಿ. ಇಳಿಜಾರು, ಉದುರಿದ ಹರಳು, ಮಳೆಯ ತೇವ ಸೇರಿದರೆ ಕಾಲು ನಿಲ್ಲುವುದಿಲ್ಲ. ನೆಲದ ಮೇಲೆ ನಿಂತು ಮೊಬೈಲಿನಲ್ಲಿ ಹತ್ತಿರಕ್ಕೆಳೆದು ನಾಲ್ಕೂ ಕಡೆಯಿಂದ ಚಿತ್ರ ತೆಗೆಯಿರಿ. ಬೆಳಿಗ್ಗೆ ಅಥವಾ ಸಂಜೆಯ ಓರೆ ಬಿಸಿಲಿನಲ್ಲಿ ಎದ್ದ ಅಂಚುಗಳ ನೆರಳು ಎದ್ದು ಕಾಣುತ್ತದೆ. ನೆತ್ತಿಯ ಸಾಲು, ಹೊಗೆ ಕೊಳವೆಯ ಬುಡದ ತಗಡು, ಸೂರಿನ ಕೆಳಗಿನ ಹಲಗೆ, ನೀರಿನ ದೋಣಿ ಇವನ್ನು ಬಿಡಬೇಡಿ. ಆಮೇಲೆ ಹಗಲಿನಲ್ಲೇ ಅಟ್ಟಕ್ಕೆ ಹೋಗಿ ಟಾರ್ಚ್ ಆರಿಸಿ ನೋಡಿ, ಎಲ್ಲಾದರೂ ಬೆಳಕು ಇಣುಕುತ್ತಿದೆಯೇ ಎಂದು. ಟಾರ್ಚ್ ಹಾಕಿ ಹತ್ತಿಯಂಥ ಶಾಖನಿರೋಧಕ ಒದ್ದೆಯಾಗಿದೆಯೇ ನೋಡಿ. ಜಂತಿಯ ಮೇಲಷ್ಟೇ ಕಾಲಿಡಿ. ನಡುವಿನದು ಬರೀ ಜಿಪ್ಸಮ್ ಹಲಗೆ, ಕಾಲಿಟ್ಟರೆ ಕೆಳಗಿನ ಕೋಣೆಗೆ ಬೀಳುತ್ತೀರಿ. ಬಿದ್ದ ಬೇಲಿ, ಮುರಿದ ಕೊಂಬೆಗಳ ಚಿತ್ರವೂ ಇರಲಿ, ಗಾಳಿಯ ದಿಕ್ಕಿಗೆ ಅವು ಸಾಕ್ಷಿ. ಆ ದಿನ ನಿಮ್ಮ ಪ್ರದೇಶದಲ್ಲಿ ಬೀಸಿದ ಗಾಳಿಯ ವರದಿ ರಾಷ್ಟ್ರೀಯ ಹವಾಮಾನ ಸೇವೆಯ ಜಾಲತಾಣದಲ್ಲಿ ಸಿಗುತ್ತದೆ. ಗಂಟೆಗೆ 58 ಮೈಲಿ, ಅಂದರೆ ಸುಮಾರು 93 ಕಿಲೋಮೀಟರ್ ವೇಗದ ಗಾಳಿಯನ್ನು ಅವರು ತೀವ್ರ ಬಿರುಗಾಳಿಯ ಲೆಕ್ಕಕ್ಕೆ ಸೇರಿಸುತ್ತಾರೆ. ಆ ಪುಟವನ್ನು ಉಳಿಸಿಟ್ಟುಕೊಳ್ಳಿ. ಇಷ್ಟಾದರೆ ನಿಮ್ಮ ಪಂಚನಾಮೆ ಆಯಿತು.

ಛಾವಣಿ ತೆರೆದುಕೊಂಡಿದ್ದರೆ ಅಡ್ಜಸ್ಟರ್ ಬರಲಿ ಎಂದು ಕಾಯಬಾರದು. ಚಿತ್ರ ತೆಗೆದ ಕೂಡಲೇ ತಾಡಪತ್ರಿ ಹೊದಿಸಿ, ಖರ್ಚಿನ ರಸೀದಿ ಇಟ್ಟುಕೊಳ್ಳಿ. ಹಾನಿ ಬೆಳೆಯದಂತೆ ತಡೆಯುವುದು ಪಾಲಿಸಿಯ ಪ್ರಕಾರ ನಿಮ್ಮ ಕರ್ತವ್ಯ. ನ್ಯಾಯವಾದ ತಾತ್ಕಾಲಿಕ ಖರ್ಚನ್ನು ಕ್ಲೇಮ್‌ಗೆ ಸೇರಿಸಬಹುದು.

ಇನ್ನು ಹಣದ ಮಾತು. ಹೆಚ್ಚಿನವರು ಎಡವುವುದು ಇಲ್ಲೇ, ಆದ್ದರಿಂದ ನಿಧಾನವಾಗಿ ಓದಿ. ಡಿಡಕ್ಟಿಬಲ್ ಎಂದರೆ ಕಂಪನಿ ಕೊಡುವ ಮುನ್ನ ನೀವು ಹೊರಬೇಕಾದ ಪಾಲು. ಗಾಳಿ ಮತ್ತು ಆಲಿಕಲ್ಲಿಗೆ ಅನೇಕ ಪಾಲಿಸಿಗಳಲ್ಲಿ ಬೇರೆಯೇ ಡಿಡಕ್ಟಿಬಲ್ ಇರುತ್ತದೆ, ಅದೂ ಶೇಕಡಾವಾರು. ಈ ಶೇಕಡಾ ಹಾನಿಯ ಮೊತ್ತದ ಮೇಲಲ್ಲ, ಮನೆಯ ಕಟ್ಟಡಕ್ಕೆ ಇರುವ ವಿಮೆಯ ಮೊತ್ತದ ಮೇಲೆ. ಕಟ್ಟಡದ ವಿಮೆ 4,00,000 ಡಾಲರ್, ಡಿಡಕ್ಟಿಬಲ್ ಶೇ 2 ಎಂದಿಟ್ಟುಕೊಳ್ಳಿ. ಮೊದಲ 8,000 ಡಾಲರ್ ನಿಮ್ಮದು. ದುರಸ್ತಿ 3,000 ಡಾಲರಿನಲ್ಲಿ ಮುಗಿಯುವಂತಿದ್ದರೆ ಕ್ಲೇಮ್ ಹಾಕಿ ಪ್ರಯೋಜನವಿಲ್ಲ. ಹಾಕಿದ ಕ್ಲೇಮ್‌ನ ದಾಖಲೆ ವಿಮಾ ಕಂಪನಿಗಳು ನೋಡುವ ವರದಿಯಲ್ಲಿ 7 ವರ್ಷದವರೆಗೆ ಉಳಿಯಬಹುದು. ಆದ್ದರಿಂದ ಮೊದಲು ನಂಬಿಕಸ್ತ ಸ್ಥಳೀಯ ಕೆಲಸಗಾರರಿಂದ ಅಂದಾಜು ಪಟ್ಟಿ ಪಡೆಯಿರಿ, ಆಮೇಲೆ ಕರೆ ಮಾಡಿ.

ಪಾಲಿಸಿಯಲ್ಲಿ ನೋಡಬೇಕಾದ ಇನ್ನೊಂದು ಅಂಶ, ಛಾವಣಿಗೆ ಹೊಸ ಛಾವಣಿಯ ಬೆಲೆ ಕೊಡುತ್ತಾರೆಯೇ ಅಥವಾ ಸವಕಳಿ ಕಳೆದ ಬೆಲೆಯೇ ಎಂಬುದು. ಹೊಸ ಛಾವಣಿಗೆ 20,000 ಡಾಲರ್ ಬೇಕು, ಹಳೆಯದು ಅರ್ಧ ಆಯಸ್ಸು ಸವೆಸಿದೆ, ಡಿಡಕ್ಟಿಬಲ್ 8,000 ಎನ್ನೋಣ. ಸವಕಳಿ ಕಳೆಯುವ ಪಾಲಿಸಿಯಾದರೆ ಕೈಗೆ ಬರುವುದು ಕೇವಲ 2,000. ಪೂರ್ಣ ಬೆಲೆಯ ಪಾಲಿಸಿಯಾದರೂ ಮೊದಲ ಚೆಕ್ 2,000ದ್ದೇ ಇರುತ್ತದೆ. ಕೆಲಸ ಮುಗಿಸಿ ಬಿಲ್ ಕಳಿಸಿದ ಮೇಲೆ ಉಳಿದ 10,000 ಬರುತ್ತದೆ. ಮೊದಲ ಚೆಕ್ ನೋಡಿ ಮೋಸವಾಯಿತೆಂದು ಎದೆಗುಂದುವವರೂ ಇದ್ದಾರೆ, ಎರಡನೆಯದನ್ನು ಕೇಳದೇ ಬಿಟ್ಟವರೂ ಇದ್ದಾರೆ. ಕೇಳಲು ಗಡುವು ಇರುತ್ತದೆ. ಪಾಲಿಸಿಯಲ್ಲಿ ಅದನ್ನು ಹುಡುಕಿ ಗುರುತು ಹಾಕಿಕೊಳ್ಳಿ. ಮನೆ ಸಾಲ ಇದ್ದರೆ ಚೆಕ್‌ನಲ್ಲಿ ಸಾಲ ಕೊಟ್ಟ ಸಂಸ್ಥೆಯ ಹೆಸರೂ ಇರುವುದು ಸಾಮಾನ್ಯ. ಅವರ ಸಹಿಗೆ ಸಮಯ ಹಿಡಿಯುತ್ತದೆ, ಮೊದಲೇ ಅವರಿಗೆ ತಿಳಿಸಿ.

ಟೆಕ್ಸಾಸ್‌ನ ಕರಾವಳಿಯ 14 ಕೌಂಟಿಗಳಲ್ಲಿ (ಕೌಂಟಿ ಎಂದರೆ ನಮ್ಮ ಜಿಲ್ಲೆಯಂಥದ್ದು) ಮತ್ತು ಹ್ಯಾರಿಸ್ ಕೌಂಟಿಯ ಒಂದು ಭಾಗದಲ್ಲಿ ಮನೆ ಇದ್ದರೆ ಇನ್ನೂ ಎಚ್ಚರ ಬೇಕು. ಅಲ್ಲಿ ಸಾಮಾನ್ಯ ಮನೆ ವಿಮೆಯಿಂದ ಗಾಳಿಯನ್ನು ಹೊರಗಿಟ್ಟಿರುವುದುಂಟು; ಅದಕ್ಕೆ ಟೆಕ್ಸಾಸ್ ವಿಂಡ್‌ಸ್ಟಾರ್ಮ್ ಇನ್ಶೂರೆನ್ಸ್ ಅಸೋಸಿಯೇಷನ್‌ನಂಥ ಸಂಸ್ಥೆಯ ಪ್ರತ್ಯೇಕ ಪಾಲಿಸಿ ಬೇಕಾಗುತ್ತದೆ. ನೆಲದಿಂದ ಏರಿ ಬರುವ ಪ್ರವಾಹದ ನೀರಿಗಂತೂ ಎಲ್ಲ ಕಡೆಯೂ ಬೇರೆ ವಿಮೆ.

ಕ್ಲೇಮ್ ಹಾಕಿದ ಮೇಲೆ ಟೆಕ್ಸಾಸ್ ಕಾನೂನು ಕಂಪನಿಗೆ ಗಡುವು ಕೊಡುತ್ತದೆ. ಸಾಮಾನ್ಯವಾಗಿ 15 ದಿನದೊಳಗೆ ಕ್ಲೇಮ್ ಬಂದಿದೆ ಎಂದು ತಿಳಿಸಬೇಕು. ಕೇಳಿದ ದಾಖಲೆಗಳೆಲ್ಲ ತಲುಪಿದ ಮೇಲೆ 15 ಕೆಲಸದ ದಿನಗಳಲ್ಲಿ ಒಪ್ಪಿಗೆ ಅಥವಾ ನಿರಾಕರಣೆ ಹೇಳಬೇಕು, ಒಪ್ಪಿದರೆ 5 ಕೆಲಸದ ದಿನಗಳಲ್ಲಿ ಹಣ ಕೊಡಬೇಕು. ದೊಡ್ಡ ಚಂಡಮಾರುತದ ನಂತರ ಈ ಗಡುವು ವಿಸ್ತರಣೆಯಾಗಬಹುದು. ಫೋನಿನಲ್ಲಿ ಮಾತಾಡಿದ್ದನ್ನೆಲ್ಲ ಅದೇ ದಿನ ಇಮೇಲ್‌ನಲ್ಲಿ ಬರೆದು ಕಳಿಸುವ ರೂಢಿ ಮಾಡಿಕೊಳ್ಳಿ.

ಅಡ್ಜಸ್ಟರ್ ಬರುವ ದಿನ ರಜೆ ಹಾಕಿ ಮನೆಯಲ್ಲಿರಿ. ಅವರು ಕಂಪನಿಯ ಪರವಾಗಿ ಹಾನಿ ಅಳೆಯುವವರು. ವೈರಿಗಳಲ್ಲ, ನಿಮ್ಮ ವಕೀಲರೂ ಅಲ್ಲ. ನಿಮ್ಮ ಪರವಾಗಿ ಕ್ಲೇಮ್ ನಡೆಸಲು ಪರವಾನಗಿ ಇರುವ ಪಬ್ಲಿಕ್ ಅಡ್ಜಸ್ಟರ್ ಬೇರೆ. ಟೆಕ್ಸಾಸ್‌ನಲ್ಲಿ ಅವರ ಶುಲ್ಕ ಪರಿಹಾರದ ಶೇ 10 ಮೀರುವಂತಿಲ್ಲ. ಸಣ್ಣ ಕ್ಲೇಮ್‌ಗೆ ಅವರ ಅಗತ್ಯವಿಲ್ಲ ಎಂಬುದು ನನ್ನ ಅಭಿಪ್ರಾಯ. ದೊಡ್ಡ ಹಾನಿಯನ್ನು ಕಂಪನಿ ಸಾರಾಸಗಟಾಗಿ ತಳ್ಳಿಹಾಕಿದಾಗ ಯೋಚಿಸಬಹುದು. ಅದಕ್ಕೂ ಮೊದಲು ಲಿಖಿತ ಕಾರಣ ಕೇಳಿ, ಮರುಪರಿಶೀಲನೆ ಕೇಳಿ. ಜಗ್ಗದಿದ್ದರೆ ರಾಜ್ಯದ ವಿಮಾ ಇಲಾಖೆಗೆ ದೂರು ಕೊಡಿ. ದೂರಿಗೆ ಶುಲ್ಕವಿಲ್ಲ, ಕಂಪನಿ ಉತ್ತರಿಸಲೇಬೇಕು.

ಇಲ್ಲಿ ಊರಿನಲ್ಲಿರುವ ಹಿರಿಯರಿಗೂ ಒಂದು ಮಾತು. ಆರು ತಿಂಗಳಿಗೆಂದು ಮಗನ ಮನೆಗೆ ಹೋಗಿರುತ್ತೀರಿ. ಹಗಲು ಮಕ್ಕಳು ಕೆಲಸಕ್ಕೆ, ಮೊಮ್ಮಕ್ಕಳು ಶಾಲೆಗೆ. ಗಾಳಿ ಬಂದ ಮರುದಿನ ಬಾಗಿಲು ಬಡಿಯುವ ಛಾವಣಿ ಕಂಪನಿಯ ಹುಡುಗ ಬಹಳ ವಿನಯದಿಂದ ಮಾತಾಡುತ್ತಾನೆ, ಉಚಿತವಾಗಿ ನೋಡಿಕೊಡುತ್ತೇನೆ ಎನ್ನುತ್ತಾನೆ, ಟ್ಯಾಬ್ಲೆಟ್ ಮುಂದೆ ಹಿಡಿದು ಬೆರಳಿನಿಂದ ಗೀಚಲು ಹೇಳುತ್ತಾನೆ. ಮನೆಗೆ ಬಂದವರನ್ನು ಬರಿಗೈಲಿ ಕಳಿಸಲು ನಮಗೆ ಮನಸ್ಸು ಬರುವುದಿಲ್ಲ. ನೀರು ಕೊಡಿ, ಸಹಿ ಕೊಡಬೇಡಿ. ಛಾವಣಿ ಹತ್ತಲೂ ಬಿಡಬೇಡಿ. ಕೈಯಿಂದಲೇ ಶಿಂಗಲ್ ಮಡಚಿ ಗಾಳಿಯ ಹಾನಿ ಎಂದು ಚಿತ್ರ ತೋರಿಸುವವರೂ ಇದ್ದಾರೆ.

“ನಿಮ್ಮ ಡಿಡಕ್ಟಿಬಲ್ ನಾವೇ ಮನ್ನಾ ಮಾಡುತ್ತೇವೆ” ಎಂದರೆ ಅಲ್ಲಿಗೇ ಮಾತು ಮುಗಿಸಿ. 2019ರ ಸೆಪ್ಟೆಂಬರ್ 1ರಿಂದ ಟೆಕ್ಸಾಸ್‌ನಲ್ಲಿ ಅದು ಅಪರಾಧ, ಡಿಡಕ್ಟಿಬಲ್ ಕಟ್ಟಿದ ಪುರಾವೆಯನ್ನು ವಿಮಾ ಕಂಪನಿ ನಿಮ್ಮಿಂದಲೇ ಕೇಳಬಹುದು. ಛಾವಣಿ ಹಾಕುವವರು ನಿಮ್ಮ ಪರವಾಗಿ ಕ್ಲೇಮ್ ಚೌಕಾಸಿ ಮಾಡುವುದಕ್ಕೂ ಅಲ್ಲಿ ಕಾನೂನಿನ ಅನುಮತಿಯಿಲ್ಲ. ಈಗಾಗಲೇ ಮನೆಬಾಗಿಲಲ್ಲಿ ಸಹಿ ಹಾಕಿಬಿಟ್ಟಿದ್ದರೆ, ಮನೆಯಲ್ಲೇ ನಡೆದ ಇಂಥ ವ್ಯವಹಾರವನ್ನು ಸಾಮಾನ್ಯವಾಗಿ 3 ಕೆಲಸದ ದಿನಗಳೊಳಗೆ ರದ್ದು ಮಾಡುವ ಹಕ್ಕನ್ನು ಅಮೆರಿಕದ ಕೇಂದ್ರ ಸರ್ಕಾರದ ನಿಯಮ ಕೊಡುತ್ತದೆ. ಲಿಖಿತವಾಗಿ ತಿಳಿಸಿ. ಫ್ಲೋರಿಡಾದಲ್ಲಿ ಛಾವಣಿ ಕೆಲಸಕ್ಕೆ ರಾಜ್ಯದ ಪರವಾನಗಿ ಬೇಕು. ಟೆಕ್ಸಾಸ್‌ನಲ್ಲಿ ಅಂಥ ಪರವಾನಗಿ ಪದ್ಧತಿ ಇಲ್ಲ. ಆದ್ದರಿಂದ ಸ್ಥಳೀಯ ವಿಳಾಸ, ಹೊಣೆಗಾರಿಕೆ ವಿಮೆಯ ಪತ್ರ, ಹಳೆಯ ಗ್ರಾಹಕರ ಮಾತು ಇವನ್ನು ನೀವೇ ಪರೀಕ್ಷಿಸಬೇಕು. ಪೂರ್ತಿ ಹಣ ಮುಂಗಡ ಕೊಡಬೇಡಿ.

ಕ್ಲೇಮ್ ಹಾಕಿದರೆ ವೀಸಾಕ್ಕೆ ತೊಂದರೆಯಾಗುತ್ತದೆಯೇ ಎಂದು ವೀಸಾದ ಮೇಲಿರುವವರು ಹೆದರಿಕೆಯಿಂದ ಕೇಳುತ್ತಾರೆ. ಮನೆ ವಿಮೆಯ ಕ್ಲೇಮ್ ಖಾಸಗಿ ಒಪ್ಪಂದ, ಕಂತು ಕಟ್ಟಿದ್ದೀರಿ, ಪರಿಹಾರ ನಿಮ್ಮ ಹಕ್ಕು. ವೀಸಾಕ್ಕೂ ಅದಕ್ಕೂ ಸಂಬಂಧವಿಲ್ಲ. ಅಧ್ಯಕ್ಷರು ವಿಪತ್ತು ಘೋಷಿಸಿದ ಮೇಲೆ ಅಲ್ಲಿನ ಕೇಂದ್ರ ಸರ್ಕಾರದ ವಿಪತ್ತು ನಿರ್ವಹಣಾ ಸಂಸ್ಥೆ ಫೆಮಾ ಕೊಡುವ ನಗದು ನೆರವಿನ ವಿಷಯ ಬೇರೆ. ಅದು ಪೌರರಿಗೆ, ಗ್ರೀನ್ ಕಾರ್ಡ್ ಉಳ್ಳವರಂಥ ಅರ್ಹರಿಗೆ ಮಾತ್ರ. ಎಚ್-1ಬಿ ಇದ್ದವರಿಗೆ ನೇರವಾಗಿ ಸಿಗುವುದಿಲ್ಲ. ಆದರೆ ಅಲ್ಲೇ ಹುಟ್ಟಿ ಪೌರತ್ವ ಪಡೆದ ಅಪ್ರಾಪ್ತ ಮಗು ಮನೆಯಲ್ಲಿದ್ದರೆ ಆ ಮಗುವಿನ ಪರವಾಗಿ ತಂದೆತಾಯಿ ಅರ್ಜಿ ಹಾಕಬಹುದು. ಇದು ಗೊತ್ತಿಲ್ಲದೆ ಸುಮ್ಮನಿದ್ದುಬಿಡುವ ನಮ್ಮವರನ್ನು ಕಂಡು ನನಗೆ ನಿಜವಾಗಿಯೂ ಸಂಕಟವಾಗಿದೆ.

ಹೊಸ ಛಾವಣಿ ಹಾಕಿಸುವ ಹಂತಕ್ಕೆ ಬಂದರೆ ಮನೆಮಾಲೀಕರ ಸಂಘದಿಂದ ಬಣ್ಣ, ನಮೂನೆಗೆ ಮೊದಲೇ ಒಪ್ಪಿಗೆ ಪಡೆಯಿರಿ. ಕರಾರಿನಲ್ಲಿ ಪ್ರತಿ ಶಿಂಗಲ್‌ಗೆ 6 ಮೊಳೆ ಎಂದು ಬರೆಸಿ. ಗಾಳಿ ಪರೀಕ್ಷೆಯಲ್ಲಿ ಎಚ್ ದರ್ಜೆ ಪಡೆದ ಶಿಂಗಲ್ ಗಂಟೆಗೆ 150 ಮೈಲಿ ವೇಗದವರೆಗೆ, ಜಿ ದರ್ಜೆಯದು 120 ಮೈಲಿಯವರೆಗೆ ಪರೀಕ್ಷಿತವಾದದ್ದು. ಹಲಗೆಗಳ ಸಂದುಗಳನ್ನು ಅಂಟುಪಟ್ಟಿಯಿಂದ ಮುಚ್ಚಿಸಿ, ಮೈಮೇಲೆ ಉಂಗುರದಂಥ ಗೀರುಗಳಿರುವ ಮೊಳೆಯಿಂದ ಹಲಗೆ ಬಿಗಿಸಲು ಹೇಳಿ. ಶಿಂಗಲ್ ಹಾರಿದರೂ ನೀರು ಒಳಗೆ ಇಳಿಯದಂತೆ ಇವು ಕಾಯುತ್ತವೆ, ಖರ್ಚು ಸ್ವಲ್ಪವೇ ಹೆಚ್ಚು. ಚಳಿಗಾಲದಲ್ಲಿ ಹಾಕಿದ ಛಾವಣಿಯ ಅಂಟು ಬಿಸಿಲಿನ ದಿನಗಳು ಬರುವವರೆಗೆ ಸರಿಯಾಗಿ ಹಿಡಿಯದಿರಬಹುದು. ಅಂಚುಗಳಿಗೆ ಕೈಯಿಂದ ಅಂಟು ಹಚ್ಚಿಸಿ. ಕೆಲಸ ಮುಗಿದ ದಿನವೇ ಹೊಸ ಛಾವಣಿಯ ಚಿತ್ರ ತೆಗೆದು, ಬಿಲ್ ಮತ್ತು ಖಾತರಿ ಪತ್ರದ ಜೊತೆ ಇಡಿ. ಮುಂದಿನ ಕ್ಲೇಮ್‌ನಲ್ಲಿ ಗಾಳಿಗೆ ಮೊದಲು ಛಾವಣಿ ಹೇಗಿತ್ತು ಎಂದು ಕೇಳಿದಾಗ ತೋರಿಸಬೇಕಾದದ್ದು ಅದೇ.