ಬೆಂಗಳೂರಿನಿಂದ ದುಬೈಗೆ ತುಪ್ಪ: ಕಾಗದಕ್ಕಿಂತ ಮೊದಲು ಕೆನೆ

ಹಾಲಿನ ಪದಾರ್ಥ ರಫ್ತು ಮಾಡಬೇಕೆನ್ನುವವರು ಮೊದಲು ವಿಚಾರಿಸುವುದು ಐಇಸಿ, ಅಂದರೆ ಆಮದು–ರಫ್ತು ಕೋಡ್ ಬಗ್ಗೆ. ಇಡೀ ಕೆಲಸದಲ್ಲಿ ಅತಿ ಸುಲಭದ ಭಾಗ ಅದೇ. ಪ್ಯಾನ್ ಇದ್ದರೆ ವಿದೇಶ ವ್ಯಾಪಾರ ಮಹಾನಿರ್ದೇಶನಾಲಯದ (ಡಿಜಿಎಫ್‌ಟಿ) ಪೋರ್ಟಲಿನಲ್ಲಿ 500 ರೂಪಾಯಿಗೆ ಮುಗಿಯುತ್ತದೆ. ಪ್ರತಿ ವರ್ಷ ಏಪ್ರಿಲ್‌ನಿಂದ ಜೂನ್ ಒಳಗೆ, ಏನೂ ಬದಲಾಗದಿದ್ದರೂ, ಲಾಗಿನ್ ಆಗಿ ವಿವರ ದೃಢೀಕರಿಸಬೇಕು. ಇಲ್ಲವಾದರೆ ಕೋಡ್ ನಿಷ್ಕ್ರಿಯವಾಗುತ್ತದೆ. ಕೃಷಿ ಮತ್ತು ಸಂಸ್ಕರಿತ ಆಹಾರ ರಫ್ತು ಪ್ರಾಧಿಕಾರದಲ್ಲಿ (ಎಪಿಇಡಿಎ) ನೋಂದಣಿ, ವಿದೇಶಿ ಹಣದ ವ್ಯವಹಾರಕ್ಕೆ ಬ್ಯಾಂಕ್ ಕೊಡುವ ಎಡಿ ಕೋಡನ್ನು ಕಸ್ಟಮ್ಸ್ ಪೋರ್ಟಲ್ ಐಸ್‌ಗೇಟ್‌ಗೆ ಸೇರಿಸುವುದು, ಜಿಎಸ್‌ಟಿ ಕಟ್ಟದೆ ಕಳಿಸಲು ಪ್ರತಿ ಆರ್ಥಿಕ ವರ್ಷ ಕೊಡುವ ಎಲ್‌ಯುಟಿ ಎಂಬ ಮುಚ್ಚಳಿಕೆ: ಇವೆಲ್ಲ ಕೂತಲ್ಲೇ ಆಗುವ ಕೆಲಸ. ಮಾಲು ತಡೆಹಿಡಿಯಲ್ಪಡುವುದು ಬೇರೆ ಕಾರಣಗಳಿಗೆ. ನಾವು ಕಳಿಸುವುದು ತುಪ್ಪ, ಹೋಗುವುದು ಯುಎಇಗೆ. ಆದ್ದರಿಂದ ಅದನ್ನೇ ಇಟ್ಟುಕೊಂಡು ಬರೆಯುತ್ತೇನೆ.

ಮೊದಲ ಪ್ರಶ್ನೆ, ತುಪ್ಪ ತಯಾರಾಗುವ ಘಟಕಕ್ಕೆ ರಫ್ತು ತಪಾಸಣಾ ಮಂಡಳಿಯ, ಅಂದರೆ ಇಐಸಿಯ, ಅನುಮೋದನೆ ಇದೆಯೇ? ಎಫ್‌ಎಸ್‌ಎಸ್‌ಎಐ ಲೈಸೆನ್ಸ್ ಇದ್ದರೆ ಸಾಕು ಎಂದುಕೊಳ್ಳುವವರು ಬಹಳ. ಆ ಲೈಸೆನ್ಸ್ ಬೇಕು, ಆದರೆ ಅದು ಇಐಸಿ ಅನುಮೋದನೆಯ ಜಾಗ ತುಂಬುವುದಿಲ್ಲ. ತನಿಖಾ ತಂಡ ಘಟಕಕ್ಕೆ ಬಂದಾಗ ಯಂತ್ರಕ್ಕಿಂತ ಹೆಚ್ಚಾಗಿ ದಾಖಲೆ ನೋಡುತ್ತದೆ: ಎಚ್‌ಎಸಿಸಿಪಿ (ಆಹಾರದ ಅಪಾಯ ನಿಯಂತ್ರಣ) ಯೋಜನೆ, ನೀರಿನ ಪರೀಕ್ಷೆ, ಕೆಲಸಗಾರರ ಆರೋಗ್ಯ ತಪಾಸಣೆ, ಥರ್ಮಾಮೀಟರ್‌ಗಳ ಕ್ಯಾಲಿಬ್ರೇಷನ್. ಒಂದು ಡಬ್ಬಿ ಕೈಗೆತ್ತಿಕೊಂಡು, ಇದರ ಹಾಲು ಯಾವ ರೂಟಿನಿಂದ, ಯಾವ ಬಲ್ಕ್ ಕೂಲರ್‌ನಿಂದ ಬಂತು ಎಂದು ಕೇಳಬಹುದು. ಬ್ಯಾಚ್ ನಂಬರಿನಿಂದ ಹಿಂದಕ್ಕೆ ಹೋಗಿ ಉತ್ತರ ಹುಡುಕುವ ಅಭ್ಯಾಸವನ್ನು ನಾವು ಮೊದಲೇ ಮಾಡಿಸಿಡುತ್ತೇವೆ. ಹೊರಗಿನಿಂದ ಬೆಣ್ಣೆ ಕೊಂಡು ಕಾಯಿಸುವ ಘಟಕಗಳಿಗೆ ಇದು ದೊಡ್ಡ ತೊಡಕು. ಬೆಣ್ಣೆ ಕೊಟ್ಟವರ ದಾಖಲೆಯೂ ಅಷ್ಟೇ ಗಟ್ಟಿಯಾಗಿರಬೇಕಾಗುತ್ತದೆ. ಸ್ವಂತ ಘಟಕ ಇಲ್ಲದವರು ಅನುಮೋದಿತ ಘಟಕದಿಂದಲೇ ಮಾಲು ಎತ್ತಿ ವ್ಯಾಪಾರಿ ರಫ್ತುದಾರರಾಗುವುದು ಲೇಸು.

ಇನ್ನು ಗುಣಮಟ್ಟ. ನಮ್ಮ ದೇಶದ ನಿಯಮದಲ್ಲಿ ತುಪ್ಪದ ಮುಕ್ತ ಕೊಬ್ಬಿನಾಮ್ಲ ಶೇ 2ರವರೆಗೂ ಇರಬಹುದು. ಅಗ್‌ಮಾರ್ಕ್ ಸ್ಪೆಷಲ್ ದರ್ಜೆಗೂ ಶೇ 1.4 ನಡೆಯುತ್ತದೆ. ಅಂತರರಾಷ್ಟ್ರೀಯ ಆಹಾರ ಮಾನದಂಡವಾದ ಕೋಡೆಕ್ಸ್ ಹೇಳುವುದು ಶೇ 0.4. ಕೊಬ್ಬು ಕಮಟಾಗುವುದನ್ನು ಅಳೆಯುವ ಪೆರಾಕ್ಸೈಡ್ ಅಂಕ ಒಂದು ಕಿಲೋ ಕೊಬ್ಬಿಗೆ 0.6 ಮಿಲಿ ಈಕ್ವಿವಲೆಂಟ್ ಮೀರಬಾರದು, ಹಾಲಿನ ಕೊಬ್ಬು ಶೇ 99.6ಕ್ಕಿಂತ ಕಡಿಮೆ ಇರಬಾರದು. ಇಲ್ಲಿ ಲ್ಯಾಬ್ ವರದಿಯಲ್ಲಿ ಆರಾಮವಾಗಿ ಪಾಸಾದ ತುಪ್ಪ ಕೋಡೆಕ್ಸ್ ಅಂಕಿ ಬರೆಸಿಕೊಂಡ ಖರೀದಿದಾರನ ಬಳಿ ಫೇಲಾಗುವುದು ಹೀಗೆ.

ಕೊಬ್ಬಿನಾಮ್ಲ ಏರುವುದು ತುಪ್ಪ ಕಾಯಿಸುವಾಗ ಅಲ್ಲ, ಅದಕ್ಕೂ ಮುಂಚೆ. ಹಸಿ ಕೆನೆಯನ್ನು ಕ್ಯಾನಿನಲ್ಲಿ ರಾತ್ರಿಯಿಡೀ ಬಿಟ್ಟರೆ ಲೈಪೇಸ್ ಕಿಣ್ವ ಕೊಬ್ಬನ್ನು ಒಡೆಯುತ್ತಾ ಹೋಗುತ್ತದೆ. ಒಡೆದ ಮೇಲೆ ಎಷ್ಟು ಕಾಯಿಸಿದರೂ ಆ ಆಮ್ಲ ತುಪ್ಪದಲ್ಲೇ ಉಳಿಯುತ್ತದೆ. ಹುಳಿ ಬಂದ ಕೆನೆಗೆ ಸೋಡಾ ಹಾಕಿ ಸರಿಮಾಡುವ ರೂಢಿ ಕೆಲವೆಡೆ ಇದೆ; ರಫ್ತಿನ ತುಪ್ಪಕ್ಕೆ ಅದನ್ನು ಹತ್ತಿರ ಬಿಡಬೇಡಿ. ಕೆನೆ ಬೇರ್ಪಟ್ಟ ಕೂಡಲೇ ಪಾಶ್ಚರೀಕರಿಸಿ, ತಂಪು ಮಾಡಿ, ಬೇಗ ಬೆಣ್ಣೆಯಾಗಿಸುವುದೊಂದೇ ದಾರಿ. ಗಸಿಯನ್ನು ಸರಿಯಾಗಿ ಸೋಸಿ ತೇವಾಂಶವನ್ನು ಶೇ 0.3ರ ಒಳಗೆ ತಂದರೆ ಡಬ್ಬಿಯೊಳಗೆ ಆಮ್ಲ ಮತ್ತೆ ಏರುವುದು ನಿಧಾನವಾಗುತ್ತದೆ.

ಪೆರಾಕ್ಸೈಡ್ ಕಥೆ ಬೇರೆ. ಅದಕ್ಕೆ ಕಾರಣ ಗಾಳಿ, ಬೆಳಕು, ತಾಮ್ರ. ಪೈಪ್‌ಲೈನಿನಲ್ಲಿ ಎಲ್ಲೋ ಒಂದು ಹಿತ್ತಾಳೆ ವಾಲ್ವ್ ಉಳಿದಿದ್ದರೂ ಸಾಕು, ತಿಂಗಳುಗಳಲ್ಲಿ ಕಮಟು ವಾಸನೆ ಬರುತ್ತದೆ. ಪ್ರತಿ ಬ್ಯಾಚಿನ ಮಾದರಿಯನ್ನು 60 ಡಿಗ್ರಿ ಸೆಲ್ಸಿಯಸ್ ಸುಮಾರಿನ ಓವನ್‌ನಲ್ಲಿಟ್ಟು ಪೆರಾಕ್ಸೈಡ್ ಆಗಾಗ ಅಳೆಯಿರಿ. ಬೇಗ ಏರುವ ಬ್ಯಾಚನ್ನು ಇಲ್ಲೇ ಮಾರಿ, ಹಡಗಿಗೆ ಹತ್ತಿಸಬೇಡಿ.

ಕೀಟನಾಶಕ ಶೇಷದ ಪರೀಕ್ಷೆಯನ್ನು ಹಾಲಿನ ಹಂತದಲ್ಲಿ ಮಾಡಿಸಿ ನೆಮ್ಮದಿಯಾಗಿರುವವರಿಗೆ ಒಂದು ಲೆಕ್ಕ: ಡಿಡಿಟಿಯಂಥವು ಕೊಬ್ಬಿನಲ್ಲಿ ಕರಗುತ್ತವೆ. ಶೇ 4 ಕೊಬ್ಬಿನ ಹಾಲು ತುಪ್ಪವಾದಾಗ ಅವು ಸುಮಾರು 25 ಪಟ್ಟು ಸಾಂದ್ರವಾಗುತ್ತವೆ. ಹಾಗಾಗಿ ಎನ್‌ಎಬಿಎಲ್ ಮಾನ್ಯತೆಯ ಲ್ಯಾಬಿನಲ್ಲಿ ತುಪ್ಪವನ್ನೇ ಪರೀಕ್ಷಿಸಿ. ಬೂಷ್ಟಿನ ವಿಷವಾದ ಅಫ್ಲಾಟಾಕ್ಸಿನ್ ಎಂ1 ಮಾತ್ರ ಹಾಲಿನ ಪ್ರೋಟೀನಾದ ಕೇಸಿನ್ ಜೊತೆ ಹೋಗುವಂಥದ್ದು. ಹಾಲಿನ ಪುಡಿ, ಪನೀರ್ ಕಳಿಸುವವರು ಅದಕ್ಕೆ ತಲೆ ಕೆಡಿಸಿಕೊಳ್ಳಬೇಕು. ಸಸ್ಯಜನ್ಯ ಕೊಬ್ಬು ಬೆರೆತಿಲ್ಲವೆಂದು ತೋರಿಸಲು ಬೀಟಾ ಸಿಟೊಸ್ಟೆರಾಲ್ ವರದಿಯನ್ನೂ ಸೇರಿಸಿಡಿ.

ಆರೋಗ್ಯ ಪ್ರಮಾಣಪತ್ರ ಪ್ರತಿ ಕನ್ಸೈನ್‌ಮೆಂಟಿಗೆ ಬೇರೆ ಬೇರೆ. ಭಾರತದಲ್ಲಿ ಕಾಲುಬಾಯಿ ರೋಗ ಇರುವುದರಿಂದ ಹಾಲಿಗೆ ಶಾಖ ಸಂಸ್ಕರಣೆ ಆಗಿದೆ ಎಂಬ ಸಾಲು ಅದರಲ್ಲಿ ಬಹು ಮುಖ್ಯ. ವಿಶ್ವ ಪ್ರಾಣಿ ಆರೋಗ್ಯ ಸಂಸ್ಥೆಯ ಸಂಹಿತೆ 132 ಡಿಗ್ರಿಯಲ್ಲಿ ಕನಿಷ್ಠ 1 ಸೆಕೆಂಡ್, ಇಲ್ಲವೇ ಪಿಎಚ್ 7ಕ್ಕಿಂತ ಕಡಿಮೆ ಇದ್ದಾಗ 72 ಡಿಗ್ರಿಯಲ್ಲಿ 15 ಸೆಕೆಂಡ್ ಎನ್ನುತ್ತದೆ. ತುಪ್ಪ 100 ಡಿಗ್ರಿಗೂ ಮೇಲೆ ಕಾಯುತ್ತದೆ, ನಿಜ. ಆದರೆ ಪ್ರಮಾಣಪತ್ರಕ್ಕೆ ಸಹಿ ಹಾಕುವವರಿಗೆ ಅದನ್ನು ತೋರಿಸುವ ರೆಕಾರ್ಡರ್ ಚಾರ್ಟ್ ಬೇಕು. ಹಡಗು ಹೊರಟ ಮೇಲೆ ಈ ಪತ್ರ ಮಾಡಿಸಿಕೊಳ್ಳೋಣ ಎಂದುಕೊಂಡರೆ ಕೆಲಸ ಕೆಟ್ಟಂತೆಯೇ. ಕಂಟೇನರ್ ತುಂಬುವುದಕ್ಕೆ (ಸ್ಟಫಿಂಗ್) ಮೊದಲೇ ಅರ್ಜಿ ಹಾಕಿ.

ಲೇಬಲ್ಲಿಗೆ ಅರೇಬಿಕ್ ಕಡ್ಡಾಯ. ತಯಾರಿಕೆ ಮತ್ತು ಅವಧಿ ಮುಗಿಯುವ ದಿನಾಂಕಗಳನ್ನು ಡಬ್ಬಿಯ ಮೇಲೇ ಮುದ್ರಿಸಿ, ಸ್ಟಿಕ್ಕರ್ ಅಂಟಿಸಬೇಡಿ. ದುಬೈ ಮುನ್ಸಿಪಾಲಿಟಿಯಲ್ಲಿ ಲೇಬಲ್ ನೋಂದಾಯಿಸುವುದು ಅಲ್ಲಿನ ಆಮದುದಾರನ ಕೆಲಸ. ಅದು ಮುಗಿಯುವವರೆಗೆ ಮುದ್ರಣಕ್ಕೆ ಆರ್ಡರ್ ಕೊಡಬೇಡಿ. ಒಂದು ಲೀಟರ್ ತುಪ್ಪ ಸುಮಾರು 905 ಗ್ರಾಂ. ಜಾರ್ ಮೇಲೆ ಲೀಟರ್, ಇನ್‌ವಾಯ್ಸಿನಲ್ಲಿ ಕಿಲೋ ಇದ್ದು, ಪ್ಯಾಕಿಂಗ್ ಲಿಸ್ಟಿನಲ್ಲಿ ಎರಡನ್ನೂ ಒಂದೇ ಎಂದು ಬರೆದರೆ ತೂಕ ತಾಳೆಯಾಗುವುದಿಲ್ಲ.

ಪ್ಯಾಕಿಂಗ್ ಮಾಡುವಾಗ ಗಲ್ಫಿನ ಬೇಸಿಗೆ ನೆನಪಿರಲಿ. ಒಣ ಕಂಟೇನರಿನ ಒಳಗೆ 50 ಡಿಗ್ರಿ ದಾಟುವುದು ಸಾಮಾನ್ಯ. ಬೆಂಗಳೂರಿನಲ್ಲಿ ಹರಳುಗಟ್ಟಿ ಚೆಂದ ಕಂಡ ತುಪ್ಪ ಅಲ್ಲಿ ಪೂರ್ತಿ ಕರಗಿ, 30ರಿಂದ 55 ಡಿಗ್ರಿಗೆ ಏರುವಾಗ ಶೇ 2ರಷ್ಟು ಹಿಗ್ಗುತ್ತದೆ. ಜಾರ್ ಬಾಯಿಯಲ್ಲಿ ತುಪ್ಪದ ಪಸೆ ಇದ್ದರೆ ಇಂಡಕ್ಷನ್ ಸೀಲ್ ಕೂರುವುದಿಲ್ಲ, ಜಿನುಗುತ್ತದೆ. ಎಣ್ಣೆ ಕಲೆಯಾದ ಕಾರ್ಟನ್ ನೋಡಿದರೇ ಖರೀದಿದಾರ ಬೆಲೆ ಇಳಿಸುತ್ತಾನೆ. ಬಾಯಿ ಒರೆಸಿ ಸೀಲ್ ಮಾಡಿ, ಜಾರನ್ನು ಒಂದು ರಾತ್ರಿ ಬೆಚ್ಚಗಿನ ಕೋಣೆಯಲ್ಲಿ ಮಗುಚಿಟ್ಟು ನೋಡಿ. ಮರದ ಪ್ಯಾಲೆಟ್‌ಗೆ, ಕೀಟ ಇಲ್ಲದಂತೆ ಸಂಸ್ಕರಿಸಿದೆ ಎಂಬ ಐಎಸ್‌ಪಿಎಂ 15 ಮುದ್ರೆ ಇರಲಿ.

ತುಪ್ಪದ ಎಂಟಂಕಿಯ ಸುಂಕ ಕೋಡ್ 04059020. 2022ರ ಮೇ 1ರಿಂದ ಜಾರಿಯಲ್ಲಿರುವ ಭಾರತ–ಯುಎಇ ಒಪ್ಪಂದದಡಿ ಸುಂಕ ಎಷ್ಟೆಂದು ಆ ಕೋಡ್ ಹಿಡಿದು ಪಟ್ಟಿಯಲ್ಲಿ ನೋಡಿ, ಮಾಲಿನ ಮೂಲದೇಶದ ಪ್ರಮಾಣಪತ್ರವನ್ನು ಆನ್‌ಲೈನ್‌ನಲ್ಲಿ ಪಡೆಯಿರಿ. ವೈಟ್‌ಫೀಲ್ಡ್‌ನ ಒಳನಾಡು ಕಂಟೇನರ್ ಡಿಪೋದಲ್ಲಿ (ಐಸಿಡಿ) ಕಸ್ಟಮ್ಸ್ ಮುಗಿಸಿ ಕಂಟೇನರನ್ನು ಅಲ್ಲಿಂದಲೇ ಬಂದರಿಗೆ ಕಳಿಸಬಹುದು. ಕಸ್ಟಮ್ಸ್‌ಗೆ ಶಿಪ್ಪಿಂಗ್ ಬಿಲ್ (ರಫ್ತು ಘೋಷಣೆ) ಹಾಕುವ ಮುಂಚೆ ಇನ್‌ವಾಯ್ಸ್, ಆರೋಗ್ಯ ಪತ್ರ, ಮೂಲದೇಶದ ಪತ್ರಗಳ ಕರಡನ್ನು ಆಮದುದಾರನಿಗೆ ಕಳಿಸಿ, ಕಂಪನಿಯ ಹೆಸರು, ಬ್ಯಾಚ್ ನಂಬರ್, ದಿನಾಂಕ ಅಕ್ಷರಕ್ಕಕ್ಷರ ಹೊಂದುತ್ತವೆಯೇ ಎಂದು ಅವರಿಂದ ಬರಹದಲ್ಲಿ ಒಪ್ಪಿಗೆ ತರಿಸಿಕೊಳ್ಳಿ. ಅಲ್ಲಿ ಬಂದರಿನಲ್ಲಿ ಮಾದರಿ ತೆಗೆದು ಬೇರೆ ಅಂಕಿ ಹೇಳಿದರೆ ವಾದಿಸಲು ನಮ್ಮ ಕೈಯಲ್ಲಿ ಅದೇ ಬ್ಯಾಚಿನ, ಸೀಲಾದ ಡಬ್ಬಿಗಳಿರಬೇಕು. ಅವಧಿ ಮುಗಿಯುವವರೆಗೂ ಅವನ್ನು ಕತ್ತಲಲ್ಲಿ, ತಂಪಿನಲ್ಲಿ ಕಾಪಾಡಿ.